ಪಾಕ ಇಳಿಸಿದ ಹಾಡು

ಐವತ್ತಾರನೇ ವಯಸ್ಸಿಗೆ ನನಗೊಂದು ಹೊಸ ಹಾಡು ಹಿಡಿಸಿತು. ಇದೇನು ದೊಡ್ಡ ಸುದ್ದಿಯಾ ಎಂದು ಕೇಳುವವರಿಗೆ ನನ್ನ ಪೆನ್‌ಡ್ರೈವಿನ ವಿಷಯ ಗೊತ್ತಿಲ್ಲ.

ಆ ಪೆನ್‌ಡ್ರೈವಿನ ತುಂಬ ನಾನು ಹೈಸ್ಕೂಲಿನಲ್ಲಿದ್ದಾಗ ಕೇಳಿದ ಕನ್ನಡ ಸಿನಿಮಾ ಹಾಡುಗಳು. ಪಾಂಡವಪುರದ ಮೊಬೈಲ್ ಅಂಗಡಿಯಲ್ಲಿ ಅರ್ಧ ದಿನ ಕೂತು, ಒಂದೊಂದನ್ನೂ ಹೇಳಿ ಹೇಳಿ ಹಾಕಿಸಿಕೊಂಡದ್ದು. ಅದು ತುಂಬಿ ಎಷ್ಟೋ ವರ್ಷವಾಗಿತ್ತು. ಯಾರಾದರೂ ಹೊಸ ಹಾಡು ತಂದು "ಇದನ್ನ ಕೇಳಿ" ಎಂದರೆ "ಜಾಗ ಇಲ್ಲ" ಎಂದುಬಿಡುತ್ತಿದ್ದೆ. ಟ್ರಾಕ್ಟರಿನಲ್ಲಿ ಅದೇ, ಆಲೆಮನೆಯಲ್ಲಿ ಅದೇ, ಶ್ರೀರಂಗಪಟ್ಟಣಕ್ಕೆ ಮದುವೆಗೆ ಹೊರಟರೆ ಕಾರಿನಲ್ಲೂ ಅದೇ. ಯಾವ ಹಾಡಾದ ಮೇಲೆ ಯಾವುದು ಬರುತ್ತದೆ ಎಂದು ನನ್ನ ಹೆಂಡತಿಗೂ ಬಾಯಿಪಾಠವಾಗಿತ್ತು. ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಾ ಮುಂದಿನ ಹಾಡನ್ನು ಅದು ಶುರುವಾಗುವ ಮೊದಲೇ ಹಾಡಿಬಿಡುತ್ತಿದ್ದಳು. ಪ್ರೀತಿಯಿಂದಲ್ಲ, ನನ್ನನ್ನು ಹಂಗಿಸುವುದಕ್ಕೆ.

ನಮ್ಮದು ಪಾಂಡವಪುರ ತಾಲ್ಲೂಕು, ನಾಲೆ ಪಕ್ಕದ ಊರು. ಆಲೆಮನೆ ಅಪ್ಪ ಕಟ್ಟಿಸಿದ್ದು. ಕಬ್ಬು ಅರೆದು, ಆ ಹಾಲನ್ನು ಕೊಪ್ಪರಿಗೆಗೆ ಬಿಟ್ಟು, ಕಾಯಿಸಿ, ನೊರೆ ತೆಗೆದು, ಪಾಕ ಬಂದಾಗ ಇಳಿಸಿ ಅಚ್ಚಿಗೆ ಹುಯ್ದರೆ ಬೆಲ್ಲ. ಹೇಳುವುದಕ್ಕೆ ಇಷ್ಟೇ. ಇಡೀ ವಿದ್ಯೆ ಇರುವುದು ಆ ಇಳಿಸುವ ಗಳಿಗೆಯಲ್ಲಿ. ಸ್ವಲ್ಪ ಮುಂಚೆ ಇಳಿಸಿದರೆ ಬೆಲ್ಲ ಕಟ್ಟುವುದಿಲ್ಲ, ಜೋನಿಯಾಗಿ ಹರಿಯುತ್ತದೆ. ಸ್ವಲ್ಪ ತಡವಾದರೆ ಸೀದು ಕರ್ರಗಾಗುತ್ತದೆ. ಆ ಗಳಿಗೆಯನ್ನು ಹಿಡಿಯುವವನನ್ನು ನಮ್ಮ ಕಡೆ ಪಾಕದವನು ಎನ್ನುತ್ತೇವೆ. ಅಪ್ಪ ಪಾಕದವನಾಗಿದ್ದ. ನಾನಾಗಲಿಲ್ಲ.

ಹತ್ತೊಂಬತ್ತನೇ ವಯಸ್ಸಿನಲ್ಲಿ ಅಪ್ಪ ನನ್ನ ಕೈಗೆ ಸಟ್ಟುಗ ಕೊಟ್ಟು ನಿಲ್ಲಿಸಿದ್ದ. ಮೊದಲನೇ ಕೊಪ್ಪರಿಗೆಯನ್ನು ಅವಸರಪಟ್ಟು ಇಳಿಸಿದೆ, ಹರಿದು ಹೋಯಿತು. ಎರಡನೆಯದನ್ನು ಹೆದರಿ ಹೆದರಿ ಸೀಯಿಸಿದೆ. ಆಳುಗಳು, ನಾಗಮಂಗಲದ ದೇವಲಾಪುರದಿಂದ ಬಂದಿದ್ದ ಸೋದರಮಾವ, ಎಲ್ಲರೂ ನಿಂತಿದ್ದರು. ಅಪ್ಪ ಬಯ್ಯಲೂ ಇಲ್ಲ. "ನಿನ್ ಕೈಗೆ ಹದ ಅನ್ನೋದು ಬರಾಕಿಲ್ಲ ಕಣ್ಲಾ, ಬುಟ್ಬುಡು. ಕಬ್ಬು ತರೋದ್ ನೋಡ್ಕೊ ಓಗು" ಅಂದ. ಬಯ್ದಿದ್ದರೆ ಮರೆಯುತ್ತಿದ್ದೆ. ಅವತ್ತಿನಿಂದ ನಾನು ಕಬ್ಬು ತಂದೆ, ಕರೆಂಟಿನವರ ಹತ್ತಿರ ಜಗಳವಾಡಿದೆ, ಮಂಡಿಗೆ ಬೆಲ್ಲ ಸಾಗಿಸಿದೆ, ಅಪ್ಪ ತೀರಿಕೊಂಡ ಮೇಲೆ ಯಜಮಾನ ಅನ್ನಿಸಿಕೊಂಡೆ. ಕೊಪ್ಪರಿಗೆಯ ಹತ್ತಿರ ಮಾತ್ರ ಹೋಗಲಿಲ್ಲ. ನನ್ನ ಆಲೆಮನೆಯಲ್ಲಿ ನಾನು ಇಳಿಸಿದ ಬೆಲ್ಲ ಒಂದು ಅಚ್ಚೂ ಇರಲಿಲ್ಲ. ಇದನ್ನು ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಆದರೆ ಸಂಕ್ರಾಂತಿಗೆ ನೆಂಟರಿಗೆಲ್ಲ ಹಂಚಲೆಂದು ಒಂದು ಕೊಪ್ಪರಿಗೆ ಬೆಲ್ಲ ಮಾಡುವುದು ಅಪ್ಪನ ಕಾಲದಿಂದ ಬಂದ ಪದ್ಧತಿ. ಪ್ರತಿ ವರ್ಷ ಅದನ್ನು ಕೊಡುವಾಗ ಮಾವ ತಪ್ಪದೆ ಕೇಳುತ್ತಿದ್ದ, "ಈ ಸಲ ಪಾಕ ಯಾರ್ದ್ಲಾ?" ಪ್ರತಿ ವರ್ಷ ನಾನು ಬೇರೆಯವರ ಕಡೆ ಕೈ ತೋರಿಸುತ್ತಿದ್ದೆ.

ಈಗ ನಮ್ಮ ಕಡೆ ಪಾಕದವರು ಸಿಕ್ಕುವುದಿಲ್ಲ. ಇದ್ದವರಿಗೆ ವಯಸ್ಸಾಯಿತು, ಅವರ ಮಕ್ಕಳಿಗೆ ಒಲೆಯ ಕಾವು ಬೇಡವಾಯಿತು. ಮೂರು ವರ್ಷದ ಹಿಂದೆ ಬಿಹಾರದ ಇಬ್ಬರು ಅಣ್ಣತಮ್ಮಂದಿರು ಬಂದರು. ಅಷ್ಟರಲ್ಲಾಗಲೇ ಎರಡು ಸೀಸನ್ನು ಕೆ.ಆರ್. ಪೇಟೆ ಕಡೆ ಆಲೆಮನೆಯಲ್ಲಿದ್ದು, ತಕ್ಕಮಟ್ಟಿಗೆ ಕನ್ನಡ ಕಲಿತಿದ್ದರು. ಅಣ್ಣ ಮೇಲೆ ಕೊಪ್ಪರಿಗೆಯಲ್ಲಿ ಪಾಕ ನೋಡುವವನು. ತಮ್ಮ, ಅವನೂ ಮೀಸೆ ಬೆಳೆದ ಗಟ್ಟಿ ಆಳು, ಕೆಳಗೆ ಒಲೆಗೆ ಒಣಗಿದ ಕಬ್ಬಿನ ಸಿಪ್ಪೆ ತಳ್ಳಿ ಉರಿ ಹಾಕುವವನು. ನಮ್ಮ ಒಲೆಯ ಬಾಯಿ ಗೋಡೆಯಾಚೆ ಗುಂಡಿಯಲ್ಲಿದೆ. ಮೇಲಿನವನಿಗೆ ಕೆಳಗಿನವನು ಕಾಣುವುದಿಲ್ಲ, ಕೆಳಗಿನವನಿಗೆ ಮೇಲಿನವನು ಕಾಣುವುದಿಲ್ಲ. ಗಾಣದ ಮೋಟಾರಿನ ಸದ್ದಿನಲ್ಲಿ ಕೂಗಿದರೂ ಕೇಳುವುದಿಲ್ಲ.

ಮೊದಲ ದಿನವೇ ಅಣ್ಣ ತನ್ನದೊಂದು ಸ್ಪೀಕರನ್ನು ತಂದು, ಗೋಡೆಯ ಕಂಡಿಯ ಪಕ್ಕದ ಕಂಬಕ್ಕೆ ತಂತಿ ಸುತ್ತಿ ಕಟ್ಟಿದ. ಅವರ ಸೀಮೆಯ ಹಾಡು ಶುರುವಾಯಿತು. ಒಬ್ಬ ಗಂಡಸು ಕಿವಿ ಮುಚ್ಚಿಕೊಂಡು ಹೊಲದಾಚೆಗಿನವರನ್ನು ಕರೆಯುವ ಹಾಗೆ ಎತ್ತರದ ದನಿಯಲ್ಲಿ ಎಳೆಯುತ್ತಾನೆ. ಹಿಂದೆ ನಾಲ್ಕು ಜನ ಅವನ ಕೊನೆಯ ಮಾತು ಹಿಡಿದು ಇನ್ನಷ್ಟು ಎಳೆಯುತ್ತಾರೆ. ಜೊತೆಗೆ ಢೋಲಕ್ಕು, ಎರಡು ಕಬ್ಬಿಣದ ಸರಳು ಬಡಿಯುವ ಕಿಣಿಕಿಣಿ. ಒಂದೇ ಹಾಡು ಇಪ್ಪತ್ತು ನಿಮಿಷ. ಅದಕ್ಕೆ ಬಿರಹಾ ಅನ್ನುತ್ತಾರಂತೆ. ನನಗೆ ಅದು ಯಾರೋ ಸತ್ತ ಮನೆಯಲ್ಲಿ ಪಾತ್ರೆ ಬಿದ್ದ ಹಾಗೆ ಕೇಳಿಸಿತು.

ಒಂದು ವಾರ ಹಲ್ಲು ಕಚ್ಚಿಕೊಂಡೆ. ಎಂಟನೇ ದಿನ ಮೂಗಿನ ತುದಿಯಲ್ಲಿರುವ ನನ್ನ ಕೋಪ ನೆತ್ತಿಗೇರಿತು. ಮನೆಯಿಂದ ದೊಡ್ಡ ಬಾಕ್ಸು ಹೊರಿಸಿಕೊಂಡು ಬಂದು, ಪೆನ್‌ಡ್ರೈವ್ ಚುಚ್ಚಿ, "ನಮ್ಮಪ್ಪನ ಆಲೆಮನೇಲಿ ನಮ್ಮ ಪದವೇ ಆಗ್ಬೇಕು, ನಿಂದು ಬಂದ್ ಮಾಡು" ಎಂದೆ. ಅಣ್ಣ ಏನೋ ಹೇಳಲು ಬಂದ. "ಆಮೇಲೆ ಹೇಳು" ಎಂದೆ. ಇನ್ನೊಂದು ಸಲ ಬಾಯಿ ತೆರೆದ. "ಆಮೇಲೆ ಅಂದ್ನಲ್ಲ!" ಎಂದು ಗದರಿದೆ. ಅವನು ತಂತಿ ಬಿಚ್ಚಿ ಸ್ಪೀಕರನ್ನು ಚೀಲಕ್ಕೆ ಹಾಕಿಕೊಂಡ.

ಅವತ್ತು ಮೊದಲನೇ ಕೊಪ್ಪರಿಗೆ ಸೀದು ಹೋಯಿತು. ಎರಡನೆಯದು ಕಟ್ಟಲಿಲ್ಲ. ಮೂರನೆಯದರ ಹೊತ್ತಿಗೆ ಅಣ್ಣ ಸಟ್ಟುಗ ಬಿಟ್ಟು ಗೋಡೆ ಸುತ್ತಿಕೊಂಡು ಗುಂಡಿಗೆ ಓಡಿದ, ಅಲ್ಲಿಂದ ಮತ್ತೆ ಮೇಲಕ್ಕೆ ಓಡಿ ಬಂದ. ಅಷ್ಟರಲ್ಲಿ ಅದೂ ಸೀದಿತ್ತು. ಮೂರು ಕೊಪ್ಪರಿಗೆ! ಅಪ್ಪನ ಕಾಲದಲ್ಲಿ ಒಂದು ಸೀಸನ್ನಿಗೆ ಮೂರು ಕೆಟ್ಟರೆ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ನಾನು ಬಾಯಿಗೆ ಬಂದ ಹಾಗೆ ಬೈದೆ. ಅಣ್ಣ ಹೋಗಿ ಹಾಸಿಗೆ ಸುತ್ತತೊಡಗಿದ. ಹೊರಗೆ ಎರಡು ಟ್ರೈಲರ್ ಕಬ್ಬು ಬಿಸಿಲಿಗೆ ಒಣಗುತ್ತಾ ನಿಂತಿತ್ತು.

ಊಟಕ್ಕೆ ಕರೆಯಲು ಬಂದ ಹೆಂಡತಿ ಬಾಗಿಲಲ್ಲೇ ನಿಂತು ಎಲ್ಲ ನೋಡಿದಳು.

"ಅಲ್ಲ ಕಣಿ, ಏಳ್ ದಿನ ಚೆಂದಾಗಿ ಬೆಲ್ಲ ಬಂತು. ಇವತ್ತು ಅವ್ರ ಪದ ನಿಲ್ಸುದ್ರಿ, ಇವತ್ತೇ ಕೆಡ್ತು. ಅಷ್ಟೂ ಕಾಣಾಕಿಲ್ವಾ ನಿಮ್ಗೆ?"

"ಪದಕ್ಕೂ ಪಾಕಕ್ಕೂ ಏನ್ ಸಂಬಂಧಮ್ಮಿ? ಸುಮ್ಕಿರು" ಎಂದೆ.

"ನನ್ ಕೇಳ್ಬ್ಯಾಡಿ. ಅವ್ನ ಕೇಳಿ."

ಕೇಳಿದೆ. ಹಾಸಿಗೆಯ ಹಗ್ಗ ಬಿಗಿಯುತ್ತಿದ್ದ ಅಣ್ಣ ತಲೆ ಎತ್ತದೆ ಹೇಳಿದ: "ಸಾವ್ಕಾರ್, ತಮ್ಮ ಕೆಳಗೆ. ಅವನು ನೋಡಲ್ಲ. ಅವನು ಕೇಳ್ತಾನೆ."

ಆಮೇಲೆ ಒಂದೊಂದಾಗಿ ಬಿಡಿಸಿ ಹೇಳಿದ. ಕೊಪ್ಪರಿಗೆಯಲ್ಲಿ ಗುಳ್ಳೆ ದಪ್ಪಗಾಗಿ, ಕೆಸರು ಕುದಿಯುವ ಹಾಗೆ ಬುಳಕ್ ಬುಳಕ್ ಎನ್ನಲು ಶುರುವಾದಾಗ ಅವನು ಆ ಉದ್ದದ ಹಾಡು ಹಾಕುತ್ತಾನೆ. ಒಬ್ಬನೇ ಹಾಡುತ್ತಿರುವಷ್ಟು ಹೊತ್ತು ಕೆಳಗೆ ಪೂರಾ ಉರಿ. ಹಿಂದಿನ ನಾಲ್ಕು ಜನ ದನಿ ಸೇರಿಸಿದ ಮೇಲೆ ಅರ್ಧ ಉರಿ. ಕಬ್ಬಿಣದ ಸರಳು ಓಡತೊಡಗಿದರೆ ತಮ್ಮ ಸಿಪ್ಪೆ ತಳ್ಳುವುದನ್ನು ನಿಲ್ಲಿಸಿ ಉರಿ ಎಳೆದುಬಿಡಬೇಕು. ಕಬ್ಬು ಎಳೆಯದಾಗಿದ್ದು ಪಾಕ ತಡವಾಗುವಂತಿದ್ದರೆ ಅಣ್ಣ ಫೋನಿನಲ್ಲಿ ಹೆಬ್ಬೆರಳಿನಿಂದ ಹಾಡನ್ನು ಸ್ವಲ್ಪ ಹಿಂದಕ್ಕೆ ಎಳೆಯುತ್ತಾನೆ. ಕೆಳಗಿನವನಿಗೆ ಅಷ್ಟು ಸಾಕು. ಗೋಡೆಯ ಕಂಡಿಯ ಪಕ್ಕಕ್ಕೇ ಸ್ಪೀಕರ್ ಕಟ್ಟಿದ್ದು ಅದಕ್ಕೆ. ಮೂವತ್ತೇಳು ವರ್ಷ ಆ ಆಲೆಮನೆಯಲ್ಲಿ ಓಡಾಡಿದವನು ನಾನು, ಗೋಡೆಯಾಚೆ ಇರುವವನಿಗೆ ಯಾರು ಹೇಗೆ ಹೇಳುತ್ತಾರೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ.

ನನಗೆ ನಿಜವಾಗಿ ನಾಚಿಕೆಯಾಯಿತು. "ತಪ್ಪಾಯ್ತು ಕಣಪ್ಪ" ಎಂದೆ. ಆ ಮಾತು ನನ್ನ ಬಾಯಲ್ಲಿ ಕೇಳಿ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋದಳು. ಅಣ್ಣ ಹಗ್ಗ ಬಿಚ್ಚಿದ. ನಾನೇ ಏಣಿ ಹತ್ತಿ ಸ್ಪೀಕರನ್ನು ಕಂಬಕ್ಕೆ ಕಟ್ಟಿದೆ, ನನ್ನ ಬಾಕ್ಸನ್ನು ಮನೆಗೆ ವಾಪಸ್ ಹೊರಿಸಿದೆ.

ಅಲ್ಲಿಂದ ಮುಂದೆ ಆ ಹಾಡು ಕೇಳಲೇಬೇಕಾಯಿತು. ದಿನಕ್ಕೆ ನಾಲ್ಕು ಸಲ. ಮೊದಮೊದಲು ಗಡಿಯಾರ ನೋಡುವ ಹಾಗೆ ಕೇಳುತ್ತಿದ್ದೆ: ಈಗ ನಾಲ್ಕು ಜನ ಬಂದರು, ಈಗ ಸರಳು ಬಂತು. ಒಂದು ದಿನ ಚಹಾ ಕುಡಿಯುವಾಗ ಅಣ್ಣನನ್ನು ಕೇಳಿದೆ, "ಅಲ್ಲಯ್ಯ, ಯಾರು ಸತ್ತವ್ರೆ ಅಂತ ಇವ್ನು ಇಷ್ಟು ಅಳ್ತಾನೆ?" ಅವನು ಬಿದ್ದು ಬಿದ್ದು ನಕ್ಕ. ಯಾರೂ ಸತ್ತಿಲ್ಲ, ಎಮ್ಮೆ ಕಳೆದುಹೋಗಿದೆ ಎಂದ. ಹೊಳೆಗೆ ನೀರು ಬಂದಿದೆ, ಎಮ್ಮೆ ಆಚೆ ದಡಕ್ಕೆ ಹೋಗಿಬಿಟ್ಟಿದೆ, ಒಬ್ಬ ಗೌಳಿಗ ಅದನ್ನು ಹುಡುಕಿಕೊಂಡು ಊರೂರು ತಿರುಗುತ್ತಿದ್ದಾನೆ. ಪ್ರತಿ ಊರಿನಲ್ಲೂ ಜನ ಅವನನ್ನು ಗೇಲಿ ಮಾಡುತ್ತಾರೆ, ಆ ಹಿಂದಿನ ನಾಲ್ಕು ದನಿ ಆ ಜನ. ಕೊನೆಗೆ ಎಮ್ಮೆ ಸಿಗುತ್ತದೆ. ಸರಳು ಓಡುವುದು ಅವನು ಅದರ ಬಾಲ ಹಿಡಿದು ಹೊಳೆ ದಾಟುವಾಗ.

ಎಮ್ಮೆ ಸಾಕಿದ ಮನೆಯವನಿಗೆ ಇದನ್ನು ಹೇಳಿದರೆ ಸುಮ್ಮನಿರುತ್ತಾನೆಯೇ? ಅವತ್ತಿನಿಂದ ಎಮ್ಮೆ ಎಲ್ಲಿದೆ ಎಂದು ನಾನೂ ಹುಡುಕತೊಡಗಿದೆ. ಒಂದು ಪದವೂ ಅರ್ಥವಾಗದಿದ್ದರೂ ಇದು ಎರಡನೇ ಊರು, ಇಲ್ಲಿ ಅವನು ಸುಸ್ತಾಗಿದ್ದಾನೆ, ಇಲ್ಲಿ ಯಾರೋ ಸುಳ್ಳು ದಾರಿ ತೋರಿಸಿದರು ಎಂದು ತಿಳಿಯುತ್ತಿತ್ತು. ನನ್ನ ಹಾಡುಗಳೆಲ್ಲ ನಾಲ್ಕು ನಿಮಿಷದವು. ಮನಸ್ಸು ಒಂದು ಕಡೆ ಕೂರುವುದರೊಳಗೆ ಮುಗಿದು ಇನ್ನೊಂದು ಬರುತ್ತಿತ್ತು. ಇದು ಹಾಗಲ್ಲ, ನನ್ನನ್ನು ಹಿಡಿದು ಕೂರಿಸಿತು. ಕಾಯುವುದರಲ್ಲಿ ಇಷ್ಟು ಚೆಂದ ಇರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಕೆ.ಆರ್. ಪೇಟೆಗೆ ಸ್ಕೂಟರಿನಲ್ಲಿ ಹೋಗುವಾಗ ಒಂದು ದಿನ ಎತ್ತರದ ದನಿ ತೆಗೆದು ನಾನೇ ಎಮ್ಮೆ ಕರೆಯುತ್ತಿದ್ದೆ. ಎದುರಿಗೆ ಬಂದ ಬಸ್ಸಿನ ಡ್ರೈವರು ಬಗ್ಗಿ ನೋಡಿಕೊಂಡು ಹೋದ.

ಇನ್ನೊಂದು ಸಂಗತಿಯೂ ತಿಳಿಯಿತು. ಹಾಡು ಕೇಳುವ ನೆಪದಲ್ಲಿ ನಾನು ದಿನಾ ಕೊಪ್ಪರಿಗೆಯ ಪಕ್ಕ ಕೂರುತ್ತಿದ್ದೆ. ಆ ಜಾಗದಲ್ಲಿ ಮೂವತ್ತೇಳು ವರ್ಷದಿಂದ ಕೂತಿರಲಿಲ್ಲ. ಹೊಳೆ ದಾಟುವ ಹೊತ್ತಿಗೆ ಗುಳ್ಳೆ ಹೇಗೆ ಸಣ್ಣಗಾಗುತ್ತದೆ, ಬಣ್ಣ ಹೇಗೆ ತಿರುಗುತ್ತದೆ, ವಾಸನೆ ಯಾವಾಗ ಗಂಟಲಿಗೆ ಹತ್ತುತ್ತದೆ ಎಂದು ಹಾಡಿನ ಜೊತೆಯಲ್ಲೇ ಕಣ್ಣಿಗೆ ಬೀಳುತ್ತಿತ್ತು. ಅದನ್ನು ಕಲಿಯುತ್ತಿದ್ದೇನೆ ಎಂದು ಮಾತ್ರ ನನಗೆ ಹೊಳೆದಿರಲಿಲ್ಲ.

ಸಂಕ್ರಾಂತಿಗೆ ಐದು ದಿನ ಇತ್ತು. ಅವತ್ತು ಬೆಳಿಗ್ಗೆ, ನೆಂಟರಿಗೆ ಹಂಚುವ ಬೆಲ್ಲದ ಕೊಪ್ಪರಿಗೆ ಒಲೆಯ ಮೇಲಿತ್ತು. ಅದಕ್ಕೆಂದೇ ಬೇರೆ ಗದ್ದೆಯ ಕಬ್ಬು ತಂದಿದ್ದೆವು. ಹಾಲು ಗಟ್ಟಿಯಾಗುತ್ತಾ ಬಂದಿತ್ತು, ಅಣ್ಣ ಬಗ್ಗಿ ಅಂಚಿನ ಮಡ್ಡಿ ತೆಗೆಯುತ್ತಿದ್ದ. ಇದ್ದಕ್ಕಿದ್ದ ಹಾಗೆ ಒಂದು ಗುಳ್ಳೆ ಸಿಡಿದು ಅವನ ಮುಂಗೈ ಮೇಲೆ ಬಿತ್ತು. ಪಾಕ ಬಿದ್ದರೆ ಎಣ್ಣೆ ಬಿದ್ದ ಹಾಗಲ್ಲ, ಅಂಟಿಕೊಂಡು ಸುಡುತ್ತದೆ. ಕೈಯನ್ನು ತಣ್ಣೀರಿನ ತೊಟ್ಟಿಗೆ ಅದ್ದಿಸಿ ಹಿಡಿದೆ. ಕೂಗು ಕೇಳಿ ಓಡಿ ಬಂದ ನನ್ನ ಹೆಂಡತಿ ಪಕ್ಕದ ಮನೆಯ ಆಟೋ ಕರೆಸಿ ಅವನನ್ನು ಕೂರಿಸಿಕೊಂಡು ಪಾಂಡವಪುರದ ಆಸ್ಪತ್ರೆಗೆ ಹೊರಟಳು. ಆಟೋ ಹತ್ತುವ ಮೊದಲು ಅವನು ಎಡಗೈಯಲ್ಲಿ ಜೇಬಿನಿಂದ ಫೋನು ತೆಗೆದು ನನ್ನ ಕೈಗಿಟ್ಟ. "ಸಾವ್ಕಾರ್, ನೀವು" ಎಂದ.

ನಾನಾ! ಒಲೆ ಆರಿಸಿ ಹಾಲು ಚೆಲ್ಲಿಬಿಡೋಣ ಎಂದು ಒಂದು ಕ್ಷಣ ಅನ್ನಿಸಿತು. ಆದರೆ ಹಬ್ಬಕ್ಕೆ ನೆಂಟರ ಮನೆಗೆ ಬರಿಗೈಯಲ್ಲಿ ಹೋಗುವುದು ಹೇಗೆ? ಕೆಳಗೆ ತಮ್ಮ ಏನೂ ಗೊತ್ತಿಲ್ಲದೆ ಸಿಪ್ಪೆ ತಳ್ಳುತ್ತಿದ್ದ. ಸಟ್ಟುಗ ಎತ್ತಿಕೊಂಡೆ. ಅಪ್ಪನ ಮಾತು ಕಿವಿಯಲ್ಲೇ ಇತ್ತು, ಮೋಟಾರಿನ ಸದ್ದಿಗೂ ಅದು ಅಡಗಲಿಲ್ಲ.

ಕೊಪ್ಪರಿಗೆ ಬುಳಕ್ ಎಂದಿತು. ಹಾಡು ಹಾಕಿದೆ.

ಆಮೇಲೆ ನನಗೆ ಅಪ್ಪ ನೆನಪಿಗೆ ಬರಲಿಲ್ಲ. ಎಮ್ಮೆ ಕಳೆದವನು ಒಬ್ಬನೇ ಹೊರಟ, ನಾನು ಅವನ ಜೊತೆ ತಿರುವುತ್ತಾ ಹೋದೆ. ಮೊದಲನೇ ಊರು ಬಂತು. ನಾಲ್ಕು ದನಿ ಸೇರಿತು, ಕೆಳಗೆ ಉರಿ ಅರ್ಧಕ್ಕಿಳಿದದ್ದು ಕಾವಿನಲ್ಲೇ ತಿಳಿಯಿತು. ಎರಡನೇ ಊರು ದಾಟಿ ಮೂರನೆಯದಕ್ಕೆ ಬಂದರೂ ಬಣ್ಣ ಇನ್ನೂ ತಿರುಗಿರಲಿಲ್ಲ. ಹತ್ತೊಂಬತ್ತರ ನಾನಾಗಿದ್ದರೆ ಆಗಲೇ ಇಳಿಸಿಬಿಡುತ್ತಿದ್ದೆ. ಬೆರಳಿನಿಂದ ಹಾಡನ್ನು ಸ್ವಲ್ಪ ಹಿಂದಕ್ಕೆ ಎಳೆದೆ, ಅವನನ್ನು ಇನ್ನೊಮ್ಮೆ ಮೂರನೇ ಊರು ಸುತ್ತಿಸಿದೆ. ಗುಳ್ಳೆ ಸಣ್ಣಗಾಯಿತು. ವಾಸನೆ ಗಂಟಲಿಗೆ ಹತ್ತಿತು. ಸರಳು ಓಡತೊಡಗಿತು, ಕೆಳಗೆ ಉರಿ ನಿಂತಿತು. ಒಂದು ತೊಟ್ಟು ಪಾಕವನ್ನು ನೀರಿಗೆ ಬಿಟ್ಟೆ, ಬೆರಳಲ್ಲಿ ಉಂಡೆ ಕಟ್ಟಿತು. ಆಳುಗಳನ್ನು ಕೂಗಿ ಇಳಿಸಿದೆ. ಎಮ್ಮೆ ದಡ ಸೇರಿತ್ತು.

ಅಚ್ಚಿನಿಂದ ನಾನೇ ಬಿಡಿಸಿದೆ. ಹೊನ್ನಿನ ಬಣ್ಣದ ಬೆಲ್ಲ, ಒಂದು ಅಚ್ಚೂ ಮುರಿಯದೆ ಉದುರಿತು. ತಮ್ಮ ಗುಂಡಿಯಿಂದ ಮೇಲೆ ಬಂದು, ಅಣ್ಣನ ಜಾಗದಲ್ಲಿ ನನ್ನನ್ನು ನೋಡಿ, ಬೆಲ್ಲವನ್ನೊಮ್ಮೆ ನೋಡಿ, ಹಲ್ಲು ಬಿಟ್ಟ. ನಾನು ಅವನನ್ನು ತಬ್ಬಿಕೊಂಡು ಕುಣಿದೆ. ಹೌದು, ಐವತ್ತಾರು ವರ್ಷದ ಯಜಮಾನ, ಮೈಯೆಲ್ಲ ಮಸಿ ಮಾಡಿಕೊಂಡು ಕುಣಿದೆ. ಮಧ್ಯಾಹ್ನ ಕೈಗೆ ಪಟ್ಟಿ ಸುತ್ತಿಸಿಕೊಂಡು ಬಂದ ಅಣ್ಣ ಒಂದು ಚೂರು ಬಾಯಿಗೆ ಹಾಕಿಕೊಂಡು, ಇನ್ನೊಂದು ಚೂರು ಕೇಳಿದ.

ಮೇಲುಕೋಟೆಯ ಬೀಗರಿಗೆ, ಶ್ರೀರಂಗಪಟ್ಟಣದ ತಂಗಿಗೆ ಹೆಂಡತಿ ಕೊಟ್ಟು ಬಂದಳು. ದೇವಲಾಪುರಕ್ಕೆ ನಾನೇ ಹೋದೆ. ಮಾವನಿಗೆ ಈಗ ಎಂಬತ್ತು ದಾಟಿದೆ. ಜಗಲಿಯ ಮೇಲೆ ಕೂತು ಅವನು ಯಾವಾಗಲೂ ಮಾಡುವ ಹಾಗೆ ಎರಡು ಅಚ್ಚನ್ನು ಕಿವಿಯ ಹತ್ತಿರ ಹಿಡಿದು ಒಂದಕ್ಕೊಂದು ತಟ್ಟಿದ. ಮೆತ್ತಗಿನ ಬೆಲ್ಲ ದೊಪ್ ಎನ್ನುತ್ತದೆ. ಇದು ಟಣಕ್ ಎಂದಿತು. ಇನ್ನೊಂದು ಸಲ ತಟ್ಟಿ ಕೇಳಿದ.

"ಪಾಕ ಯಾರ್ದ್ಲಾ?"

"ನಂದೇ ಕಣ್ ಮಾವ."

"ನಿಂದಾ? ಓಗ್ಲೇ ಅತ್ಲಾಗೆ."

ಅವನು ನಂಬಲಿಲ್ಲ. ಹಬ್ಬ ಮುಗಿದ ಮಾರನೆಯ ದಿನ ಮೊಮ್ಮಗಳ ಕಾರಿನಲ್ಲಿ ಬಂದು ಆಲೆಮನೆಯ ಮುಂದೆ ಇಳಿದ. ಕೊಪ್ಪರಿಗೆಯ ಪಕ್ಕ ಸ್ಟೂಲು ಹಾಕಿಸಿಕೊಂಡು ಕೂತು, "ಇಳ್ಸು, ನೋಡ್ತೀನಿ" ಎಂದ. ಪಟ್ಟಿ ಸುತ್ತಿದ ಕೈಯ ಅಣ್ಣ ನನ್ನ ಹಿಂದೆ ನಿಂತ. ಹೆಂಡತಿ ಕೊಟ್ಟಿಗೆ ಬಿಟ್ಟು ಬಂದಳು. ಮೂವತ್ತೇಳು ವರ್ಷದ ಹಿಂದಿನ ಹಾಗೇ ಎಲ್ಲರೂ ನೋಡುತ್ತಿದ್ದರು. ನಾನು ಹಾಡು ಹಾಕಿದೆ.

ಮಾವ ಹರೆಯದಲ್ಲಿ ದೇವಲಾಪುರದ ತಂಬೂರಿ ಪದದವರ ಜೊತೆ ಹಿಮ್ಮೇಳಕ್ಕೆ ಹೋಗುತ್ತಿದ್ದವನು. ಕಥೆ ಹೇಳುವವನು ಒಂದು ಸಾಲು ಬಿಟ್ಟರೆ ಅದರ ಬಾಲ ಹಿಡಿದು ಎಳೆಯುವುದು ಅವನ ಕೆಲಸ. ಚಿಕ್ಕಂದಿನಲ್ಲಿ ಅವರ ಮನೆಗೆ ಹೋದಾಗ ಕೇಳಿದ್ದೆ, ಸಿನಿಮಾ ಹಾಡು ಬಂದ ಮೇಲೆ ಅದನ್ನೆಲ್ಲ ಹಳೇ ಕಾಲದ್ದು ಎಂದು ಬಿಟ್ಟುಬಿಟ್ಟಿದ್ದೆ. ಬಿರಹಾ ಶುರುವಾದಾಗ ಮಾವ ಮುಖ ಗಂಟು ಹಾಕಿಕೊಂಡಿದ್ದ. ನಾಲ್ಕು ದನಿ ಬಂದಾಗ ಅವನ ತಲೆ ಮೇಲೆದ್ದಿತು. ಎರಡನೇ ಊರಿನಲ್ಲಿ ಮೊಣಕಾಲ ಮೇಲೆ ತಾಳ ಬಿತ್ತು. ಮೂರನೇ ಊರಿನಲ್ಲಿ ಗೇಲಿ ಮಾಡುವ ಜನರ ಜೊತೆ ಐದನೆಯ ದನಿ ಸೇರಿತು, ಹಲ್ಲಿಲ್ಲದ ಬಾಯಿಂದ, ಮಾತೇನೂ ಇಲ್ಲದೆ, ಬರೀ "ಓ" ಎಂದು. ಸರಿಯಾದ ಜಾಗಕ್ಕೆ ಬಂತು, ಸರಿಯಾದ ಜಾಗಕ್ಕೆ ನಿಂತಿತು. ಬಿಹಾರದ ಅಣ್ಣ ನನ್ನ ಹಿಂದೆ ಏನೋ ಉದ್ಗಾರ ತೆಗೆದ. ನಾನು ತಿರುಗಿ ನೋಡಲಿಲ್ಲ, ಗುಳ್ಳೆ ಸಣ್ಣಗಾಗುತ್ತಿತ್ತು.

ಇಳಿಸಿದೆ. ಮಾವ ಎದ್ದು ಬಂದು ತಾನೇ ಒಂದು ತೊಟ್ಟು ನೀರಿಗೆ ಬಿಟ್ಟು, ಉಂಡೆ ಕಟ್ಟಿ, ಅದನ್ನು ಕೊಪ್ಪರಿಗೆಯ ಅಂಚಿಗೆ ಚಿಮ್ಮಿಸಿದ. ಟಣ್ ಎಂದಿತು. ಅವನು ನನ್ನ ಕಡೆ ತಿರುಗಿದ.

"ನಿಮ್ಮಪ್ಪ ಅವತ್ತು ಸುಳ್ಳೇಳ್ಬುಟ್ಟ ಕಣ್ಲಾ" ಎಂದ.

ನಾನು ಕಣ್ಣೊರೆಸಿಕೊಂಡೆ. ಹೊಗೆ ಎಂದು ಹೇಳಬಹುದಿತ್ತು, ಹೇಳಲಿಲ್ಲ. ಅವತ್ತೇ ಪಾಂಡವಪುರಕ್ಕೆ ಹೋಗಿ ಪೆನ್‌ಡ್ರೈವಿನಿಂದ ಐದು ಹಾಡು ತೆಗೆಸಿ ಎಮ್ಮೆಗೆ ಜಾಗ ಮಾಡಿಸಿದೆ. ಅದು ಸಂಜೆಯ ಮಾತು. ಅದಕ್ಕೆ ಮೊದಲು ಆಲೆಮನೆಯಲ್ಲಿ ಮಾವ ಮತ್ತೆ ಸ್ಟೂಲಿನ ಮೇಲೆ ಕೂತು, ಪಂಚೆ ಸರಿ ಮಾಡಿಕೊಂಡು, ಗಂಟಲು ಸರಿ ಮಾಡಿಕೊಂಡ.

"ಇನ್ನೊಂದ್ ಕಿತ ಆಕ್ಲಾ ಆ ಪದ್ವ. ಸುರುನಲ್ಲೇ ಸೇರ್ಕಂತೀನಿ."

ಬೆಲ್ಲ ಅಂಟಿದ ಬೆರಳಲ್ಲೇ ಫೋನು ಒತ್ತಿದೆ.